ಮನೆ ಬದಲಾಗಲಿ, ದಿನಚರಿ ಬದಲಾಗದಿರಲಿ

ವಾಸದ ಮನೆಯನ್ನು ಬದಲಾಯಿಸುವುದು ಇಂದು ಅಪರೂಪದ ಸಂಗತಿಯಲ್ಲ. ನೌಕರಿಯ ವರ್ಗಾವಣೆ, ಮಕ್ಕಳ ವಿದ್ಯಾಭ್ಯಾಸ, ಸ್ವಂತ ಮನೆಯ ಗೃಹಪ್ರವೇಶ, ವೃದ್ಧ ತಂದೆತಾಯಿಗಳನ್ನು ಊರಿನಿಂದ ಕರೆತರುವುದು ಹೀಗೆ ಕಾರಣಗಳು ಹಲವು. ಬೇಸಿಗೆಯ ರಜೆ ಆರಂಭವಾದಂದಿನಿಂದ ಆಷಾಢ ಬರುವವರೆಗೆ ಸಾಮಾನು ಹೇರಿದ ವಾಹನಗಳು ಓಣಿ ಓಣಿಗಳಲ್ಲಿ ಕಾಣಸಿಗುತ್ತವೆ. ಆನಂತರದ ದಿನಗಳಲ್ಲಿ ಅದೇ ಮನೆಗಳವರು ಸೊಂಟನೋವು, ಮಲಬದ್ಧತೆ, ನಿದ್ರಾನಾಶ, ಒಣಕೆಮ್ಮು, ಕಾರಣವಿಲ್ಲದ ಸಿಡುಕು ಎಂದು ವೈದ್ಯರ ಬಳಿ ಬರುತ್ತಾರೆ. ಗಾಜಿನ ಪಾತ್ರೆಗೆ ಕಾಗದ ಸುತ್ತುವಷ್ಟು ಕಾಳಜಿಯನ್ನು ನಾವು ನಮ್ಮ ಶರೀರಕ್ಕೆ ತೋರುವುದಿಲ್ಲವೆಂಬುದೇ ಇದರ ಅರ್ಥ.

ವಾತಪ್ರಕೋಪಕ್ಕೆ ಎಲ್ಲ ಕಾರಣಗಳೂ ಒಂದೇ ದಿನ

ಅತಿಶ್ರಮ, ಭಾರ ಹೊರುವುದು, ಪ್ರಯಾಣ, ರಾತ್ರಿಜಾಗರಣ, ಹೊತ್ತು ತಪ್ಪಿದ ಊಟ, ಮಲಮೂತ್ರಗಳ ವೇಗವನ್ನು ತಡೆಯುವುದು ಮತ್ತು ಚಿಂತೆ ಇವೆಲ್ಲ ವಾತವನ್ನು ಕೆರಳಿಸುತ್ತವೆ ಎಂದು ಆಯುರ್ವೇದವು ಹೇಳುತ್ತದೆ. ಬೇರೆ ದಿನಗಳಲ್ಲಿ ಇವುಗಳಲ್ಲಿ ಒಂದೆರಡು ಮಾತ್ರ ಒದಗಿದರೆ, ಮನೆ ಬದಲಾಯಿಸುವ ದಿನ ಎಲ್ಲವೂ ಒಟ್ಟಿಗೆ ಕೂಡಿಬರುತ್ತವೆ. ಸ್ವಭಾವತಃ ವಾತಪ್ರಧಾನವಾದ ವೃದ್ಧಾಪ್ಯದಲ್ಲಿ ಇದರ ಪರಿಣಾಮ ಇನ್ನೂ ಹೆಚ್ಚು.

ಇದಕ್ಕೆ ಪರಿಹಾರದ ದಾರಿಯೂ ಶಾಸ್ತ್ರದಲ್ಲಿಯೇ ಇದೆ. ಒಂದು ಋತುವಿನ ಕೊನೆಯ 7 ದಿನಗಳು ಮತ್ತು ಮುಂದಿನ ಋತುವಿನ ಮೊದಲ 7 ದಿನಗಳನ್ನು ವಾಗ್ಭಟಾಚಾರ್ಯರು ಋತುಸಂಧಿ ಎಂದು ಕರೆದರು. ಈ ಅವಧಿಯಲ್ಲಿ ಹಳೆಯ ಕ್ರಮವನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ರೂಢಿಸಿಕೊಳ್ಳಬೇಕು, ಹಠಾತ್ತನೆ ಬದಲಾಯಿಸಿದರೆ ರೋಗ ಬರುತ್ತದೆ ಎಂಬುದು ಅವರ ಅಭಿಪ್ರಾಯ. ಋತುವಿಗೆ ಹೇಳಿದ ಈ ವಿವೇಕವನ್ನು ಸ್ಥಳಕ್ಕೂ ಅನ್ವಯಿಸಿಕೊಳ್ಳಬಹುದು. ಮನೆ ಬಿಡುವ ಮುನ್ನ 7 ದಿನ, ಹೊಸ ಮನೆ ಸೇರಿದ ಮೇಲೆ 7 ದಿನ, ಈ 14 ದಿನಗಳನ್ನು ಸಂಧಿಕಾಲವೆಂದೇ ಭಾವಿಸಿ ನಡೆದುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಮೊದಲ ಏಳು ದಿನ

ಸಾಮಾನು ಕಟ್ಟುವ ಕೆಲಸವನ್ನು ಕೊನೆಯ ರಾತ್ರಿಗೆ ಬಿಡದೆ ದಿನಕ್ಕೊಂದು ಕೋಣೆಯಂತೆ ಮುಗಿಸಬೇಕು. ಮೊದಲು ಅಟ್ಟದ ಮೇಲಿನ ವಸ್ತುಗಳು, ಕೊನೆಗೆ ಅಡುಗೆಮನೆ. ವರ್ಷಗಟ್ಟಲೆ ಬಳಸದ ವಸ್ತುಗಳನ್ನು ಬೇಕಾದವರಿಗೆ ಕೊಟ್ಟುಬಿಡುವುದು ಲೇಸು, ಅಪರಿಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಧೂಳು ಕೊಡಹುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಉಬ್ಬಸವಿರುವವರು ಆ ಕೆಲಸದಿಂದ ದೂರವಿರಬೇಕು. ಪುಸ್ತಕಗಳನ್ನು ಸಣ್ಣ ಪೆಟ್ಟಿಗೆಗಳಲ್ಲಿ ತುಂಬಬೇಕು. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ, ವಸ್ತುವನ್ನು ಎದೆಗೆ ಹತ್ತಿರ ಹಿಡಿದು ಏಳಬೇಕು.

ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳಿಗೆ ಔಷಧಿ ತೆಗೆದುಕೊಳ್ಳುವವರು ಕನಿಷ್ಠ 15 ದಿನಗಳ ಔಷಧಿಯನ್ನು ಮುಂಗಡವಾಗಿ ತಂದಿರಿಸಿಕೊಳ್ಳಬೇಕು. ಔಷಧಿ, ವೈದ್ಯರ ಚೀಟಿ, ಕನ್ನಡಕ, ಊರುಗೋಲು ಇವನ್ನು ಲಾರಿಗೆ ಹಾಕದೆ ಕೈಚೀಲದಲ್ಲಿಯೇ ಒಯ್ಯಬೇಕು. ಫ್ರಿಜ್ ನಿಂತಿರುವ ಹೊತ್ತಿನಲ್ಲಿ ಇನ್ಸುಲಿನ್ ಬಿಸಿಲಿಗೆ ಬೀಳದಂತೆ ತಂಪಾದ ಚೀಲದಲ್ಲಿರಲಿ. ಆದರೆ ಮಂಜುಗಡ್ಡೆಗೆ ನೇರವಾಗಿ ತಾಗಬಾರದು.

ಸಾಗಿಸುವ ದಿನ

ಅಂದು ಮನೆಯ ಗೃಹಿಣಿ ಅಡುಗೆಯ ಹೊಣೆ ಹೊರಬಾರದು. ಹೊರಗಿನ ಕರಿದ ತಿಂಡಿಗಳಿಗಿಂತ ಬಿಸಿ ಗಂಜಿ, ಹೆಸರುಬೇಳೆಯ ಹುಗ್ಗಿ, ಮಜ್ಜಿಗೆ ಮೇಲು. ನೆರೆಯವರು ಅಥವಾ ಬಂಧುಗಳು ಒಂದು ಹೊತ್ತಿನ ಊಟ ಕಳುಹಿಸಿದರೆ ಅದೂ ದಾಸೋಹವೇ. ಹೆಣ್ಣುಮಕ್ಕಳು ಶೌಚದ ಅನುಕೂಲವಿಲ್ಲವೆಂದು ನೀರು ಕುಡಿಯದೆ ಉಳಿಯುವುದುಂಟು. ಉರಿಮೂತ್ರಕ್ಕೆ ಅದೇ ದಾರಿಯಾಗುತ್ತದೆ. ಹೊಸ ಮನೆಯಲ್ಲಿ ಮೊದಲು ಬಿಚ್ಚಬೇಕಾದ ಗಂಟುಗಳು ಮೂರು: ಪೂಜೆಯ ಸಾಮಗ್ರಿ, ಔಷಧಿ, ಹಾಸಿಗೆ. ಉಳಿದುದೆಲ್ಲ ನಾಳೆಗಿರಲಿ. ರಾತ್ರಿ ಬಿಸಿನೀರಿನ ಸ್ನಾನ ಮಾಡಿ, ಸೊಂಟಕ್ಕೂ ಅಂಗಾಲಿಗೂ ಬೆಚ್ಚನೆಯ ಎಳ್ಳೆಣ್ಣೆ ತಿಕ್ಕಿಕೊಂಡರೆ ನಿದ್ರೆ ತಾನಾಗಿ ಬರುತ್ತದೆ. ಜ್ವರ, ಅಜೀರ್ಣವಿದ್ದಾಗ ಎಣ್ಣೆ ಬೇಡ. ಹಿರಿಯರು ಎದ್ದು ನಡೆಯುವ ಮುನ್ನ ಅಂಗಾಲನ್ನು ಒರೆಸಿಕೊಳ್ಳಬೇಕು, ಇಲ್ಲವಾದರೆ ಜಾರುವ ಭಯವಿದೆ.

ನಂತರದ ಏಳು ದಿನ

ವಿಜಯಪುರ, ಕಲಬುರಗಿಯಂತಹ ಒಣಹವೆಯ ಜಾಂಗಲ ದೇಶದಿಂದ ಮಲೆನಾಡು, ಕರಾವಳಿಯಂತಹ ಆನೂಪ ದೇಶಕ್ಕೆ ಹೋದವರಿಗೆ ಹಸಿವು ಮಂದವಾಗುವುದು, ನೆಗಡಿ, ಕಫ ಸಹಜ. ಅವರು ಬಿಸಿನೀರು, ಶುಂಠಿ, ಮೆಣಸು ಬಳಸಬೇಕು. ಜೋಳದ ರೊಟ್ಟಿ ಉಂಡು ಬೆಳೆದ ಹಿರಿಯರಿಗೆ ಮರುದಿನದಿಂದಲೇ ಮೂರು ಹೊತ್ತೂ ಅನ್ನ ಬಡಿಸುವುದು ಸಲ್ಲದು. ಊರಿನಿಂದ ಜೋಳವನ್ನು ತಂದುಕೊಂಡು, ಊಟದ ಕಾಲುಭಾಗವನ್ನು ಮಾತ್ರ ಮೊದಲು ಬದಲಾಯಿಸಿ, ಅದು ಒಗ್ಗಿದ ಮೇಲೆ ಮತ್ತೆ ಕಾಲುಭಾಗ ಎಂಬ ಕ್ರಮದಲ್ಲಿ ಸಾಗಬೇಕು. ಚರಕಸಂಹಿತೆಯು ಅಭ್ಯಾಸಗಳನ್ನು ಬದಲಾಯಿಸಲು ಹೇಳುವ ಕ್ರಮವೂ ಹೀಗೆ ಪಾದ ಪಾದವಾಗಿ ಸಾಗುವಂಥದು. ನೀರನ್ನು ಕೆಲ ದಿನ ಕಾಯಿಸಿ ಆರಿಸಿ ಕುಡಿಯುವುದು ಕ್ಷೇಮ.

ಹಿರಿಯರ ವಿಷಯದಲ್ಲಿ ವಿಶೇಷ ಎಚ್ಚರ

ಹಲವು ದಶಕ ಒಂದೇ ಮನೆಯಲ್ಲಿದ್ದವರಿಗೆ ಆ ಮನೆ ಕಣ್ಣಿಗಿಂತ ಹೆಚ್ಚಾಗಿ ಕಾಲಿಗೆ ಗೊತ್ತಿರುತ್ತದೆ. ಕತ್ತಲಲ್ಲಿಯೂ ಬಚ್ಚಲಿಗೆ ಎಷ್ಟು ಹೆಜ್ಜೆಯೆಂದು ಶರೀರವೇ ಬಲ್ಲದು. ಹಳ್ಳಿಯಿಂದ ಮಗನ ಮನೆಗೆ ಬಂದ ತಾಯಿಯೊಬ್ಬರು ಮೂರನೆಯ ರಾತ್ರಿ ಎದ್ದು, ಹಳೆಯ ಮನೆಯ ರೂಢಿಯಂತೆ ಬಲಕ್ಕೆ ತಿರುಗಿದರು. ಅಲ್ಲಿ ಬಾಗಿಲಿರಲಿಲ್ಲ, ಕೆಳಗಿಳಿಯುವ ಮೆಟ್ಟಿಲಿತ್ತು. ತೊಡೆಯ ಮೂಳೆ ಮುರಿದು ಅವರು ತಿಂಗಳುಗಟ್ಟಲೆ ಹಾಸಿಗೆ ಹಿಡಿದುದನ್ನು ಕಂಡಿದ್ದೇನೆ. ಒಂದು ಸಣ್ಣ ರಾತ್ರಿದೀಪ ಇದ್ದಿದ್ದರೆ ಅದು ತಪ್ಪುತ್ತಿತ್ತು.

ಆದ್ದರಿಂದ ಹಿರಿಯರ ಮಂಚ ಹಳೆಯ ಮನೆಯಲ್ಲಿ ಯಾವ ಬದಿಯಿಂದ ಇಳಿಯುವಂತಿತ್ತೋ ಹಾಗೆಯೇ ಇರಲಿ. ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ದೀಪವಿರಲಿ, ಪೆಟ್ಟಿಗೆಗಳು ಇರದಿರಲಿ. ಮೊದಲ ದಿನವೇ ಹಗಲಿನಲ್ಲಿ ಕೈಹಿಡಿದು ಆ ದಾರಿಯಲ್ಲಿ ನಾಲ್ಕಾರು ಬಾರಿ ನಡೆಸಬೇಕು. ಅವರ ಹಳೆಯ ಕಂಬಳಿ, ತಂಬಿಗೆ, ಕುರ್ಚಿಗಳನ್ನು ಹಳತೆಂದು ಎಸೆಯಬಾರದು.

ಇನ್ನೊಂದು ಮಾತು ಬಹಳ ಮುಖ್ಯ. ಹಿರಿಯರು ಹಠಾತ್ತನೆ ಗೊಂದಲಗೊಂಡು ಮಾತನಾಡಿದರೆ, ಹಗಲು ರಾತ್ರಿಗಳ ಅರಿವು ತಪ್ಪಿದರೆ, ಮನೆಯವರ ಗುರುತು ಹಿಡಿಯದಿದ್ದರೆ "ಹೊಸ ಮನೆ ಒಗ್ಗಿಲ್ಲ, ಸರಿಹೋಗುತ್ತದೆ" ಎಂದು ಕಾಯಬಾರದು. ಮೂತ್ರದ ಸೋಂಕು, ನಿರ್ಜಲತೆ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆಯ ಏರುಪೇರು, ತಪ್ಪಿದ ಔಷಧಿ, ತಲೆಗೆ ಬಿದ್ದ ಪೆಟ್ಟು, ಪಾರ್ಶ್ವವಾಯು ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಅವರನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂಥಲ್ಲಿ ಮನೆಮದ್ದಿನ ಪ್ರಯೋಗ ಸಲ್ಲದು.

ಬದಲಾಗದ ನೆಲೆ

ಕಲ್ಯಾಣವನ್ನು ತೊರೆದು ಉಳವಿಯತ್ತ ನಡೆದ ಶರಣರು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಹೋದರೆಂದು ಪರಂಪರೆ ನೆನೆಯುತ್ತದೆ. ಇಷ್ಟಲಿಂಗವಂತೂ ಅವರ ಎದೆಯ ಮೇಲೆಯೇ ಇತ್ತು. ಲಿಂಗಪೂಜೆಗೆ ಇಂತಹದೇ ಮನೆ, ಇಂತಹದೇ ಗೋಡೆ ಬೇಕೆಂಬ ನಿಯಮವಿಲ್ಲ. ಏಳುವ ಹೊತ್ತು, ಪೂಜೆಯ ಹೊತ್ತು, ಊಟದ ಹೊತ್ತು, ಮಲಗುವ ಹೊತ್ತು ಈ ನಾಲ್ಕು 14 ದಿನವೂ ತಪ್ಪದಿದ್ದರೆ, ಸಾಮಾನು ಇನ್ನೂ ಗಂಟಿನಲ್ಲಿದ್ದರೂ ಸಂಸಾರ ನೆಲೆಗೊಂಡಂತೆಯೇ ಸರಿ. ಸದ್ಭಕ್ತರೆಲ್ಲರೂ ಇದನ್ನು ಅನುಸರಿಸಿ ನಿರಾಮಯರಾಗಲಿ.