ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ: ವೈದ್ಯರನ್ನು ಕೇಳಬೇಕಾದುದೇನು?

ಇಂಡಿ ತಾಲ್ಲೂಕಿನ ಅಗರಖೇಡದಂತಹ ಊರುಗಳಲ್ಲಿ ವೃದ್ಧರ ಕಣ್ಣಿಗೆ ಪೊರೆ ಬಂದರೆ ಮನೆಯವರು ಅವರನ್ನು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಕರೆದೊಯ್ಯುವರು. ‘ಏನಾದರೂ ಕೇಳುವುದಿದೆಯೆ?’ ಎಂದು ವೈದ್ಯರು ವಿಚಾರಿಸಿದರೆ, ‘ನಿಮಗ ತಿಳಿದಂಗ ಮಾಡ್ರಿ ಸಾಹೇಬ್ರ’ ಎಂಬುದೇ ಸಾಮಾನ್ಯವಾದ ಉತ್ತರ. ವಿನಯವೇನೋ ಸರಿ. ಆದರೆ ಜೀವನಪರ್ಯಂತ ಕಣ್ಣಿನಲ್ಲಿ ಉಳಿಯುವ ಮಸೂರದ ಶಕ್ತಿಯನ್ನು ನಿರ್ಧರಿಸಲು ರೋಗಿಯ ಮಾತೂ ಬೇಕು. ಏಕೆಂಬುದನ್ನು ಭೌತವಿಜ್ಞಾನವು ತಿಳಿಸುತ್ತದೆ.

ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ 43ರಷ್ಟು ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯದ್ದು. ಉಳಿದುದರ ಬಹುಪಾಲು ಒಳಗಿನ ಮಸೂರದ್ದು. ‘ಪೊರೆ’ ಎಂಬ ಹೆಸರು ಕೇಳಿ ಕಣ್ಣಿನ ಮೇಲೆ ಬೆಳೆದ ತೆಳುಪದರವೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ, ಮಬ್ಬಾಗುವುದು ಮಸೂರವೇ.

ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನೇತ್ರಶಿಬಿರ ನಡೆಸಿದವರು. ಒಂದೇ ದಿನ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ದಾಖಲೆ ಅವರದು. ಆ ಕಾಲದ ರೂಢಿಯೆಂದರೆ ಮಸೂರವನ್ನು ತೆಗೆದು, ಸುಮಾರು 10 ಡಯಾಪ್ಟರಿನ ದಪ್ಪ ಕನ್ನಡಕವನ್ನು ಕೊಡುವುದು. ಅದರಿಂದ ವಸ್ತುಗಳು ಕಾಲುಭಾಗಕ್ಕೂ ಹೆಚ್ಚು ಹಿಗ್ಗಿ ಕಾಣುತ್ತಿದ್ದವು. ಒಂದೇ ಕಣ್ಣಿಗೆ ಚಿಕಿತ್ಸೆಯಾದವನಿಗೆ ಎರಡು ಕಣ್ಣಿನ ಬಿಂಬಗಳೂ ಕೂಡುತ್ತಿರಲಿಲ್ಲ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನಿಟ್ಟು ಬೇರೊಂದು ಹಾದಿಯನ್ನು ತೆರೆದರು.

ಇಂದು ಶಸ್ತ್ರವೈದ್ಯರು ಕಾರ್ನಿಯದ ಅಂಚಿನಲ್ಲಿ ಎರಡು-ಮೂರು ಮಿಲಿಮೀಟರಿನ ಸೀಳನ್ನು ಮಾಡಿ, ಸೆಕೆಂಡಿಗೆ ಸುಮಾರು 40,000 ಬಾರಿ ಕಂಪಿಸುವ ಸೂಜಿಯಿಂದ ಮಬ್ಬಾದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಅದರ ಕೋಶವನ್ನು ಮಾತ್ರ ಉಳಿಸಿಕೊಂಡು, ಮಡಿಸಿದ ಹೊಸ ಮಸೂರವನ್ನು ಅದರೊಳಗೆ ಬಿಡಿಸಿಡುತ್ತಾರೆ.

ಈ ಮಸೂರದ ಶಕ್ತಿ ಎಷ್ಟಿರಬೇಕು? ಅದಕ್ಕೆ ಕಣ್ಣಿನ ಉದ್ದವನ್ನು ಅಳೆಯಬೇಕು. ಒಂದು ವಿಧಾನದಲ್ಲಿ ಶ್ರವಣಾತೀತ ಧ್ವನಿಯನ್ನು ಒಳಗೆ ಕಳುಹಿಸಿ ಪ್ರತಿಧ್ವನಿಯ ಕಾಲವನ್ನು ಎಣಿಸುತ್ತಾರೆ. ಕಣ್ಣಿನ ಉದ್ದ 24 ಮಿಲಿಮೀಟರು, ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,550 ಮೀಟರು ಎಂದಿಟ್ಟುಕೊಂಡರೆ, ಹೋಗಿಬರಲು ಸೆಕೆಂಡಿನ ಹತ್ತು ಲಕ್ಷದ 31 ಭಾಗ ಸಾಕು. ತಪಾಸಣೆಯ ಸಾಧನವು ಕಾರ್ನಿಯವನ್ನು ಒತ್ತಿ ಉದ್ದವು 1 ಮಿಲಿಮೀಟರು ಕಡಿಮೆ ಬಂದಿತೆನ್ನಿ: ಆರಿಸಿದ ಮಸೂರದ ಶಕ್ತಿ ಹೆಚ್ಚಾಗಿ ದೃಷ್ಟಿಯಲ್ಲಿ ಸುಮಾರು 2.5 ಡಯಾಪ್ಟರಿನ ದೋಷವುಂಟಾಗುತ್ತದೆ. 1ನ್ನು 2.5ರಿಂದ ಭಾಗಿಸಿ ನೋಡಿರಿ. ಕನ್ನಡಕವಿಲ್ಲದೆ 40 ಸೆಂಟಿಮೀಟರಿನ ಆಚೆಯದೆಲ್ಲ ಮಸುಕು! ಆದುದರಿಂದ ‘ಅಳತೆಯನ್ನು ಯಾವ ವಿಧಾನದಿಂದ, ಎಷ್ಟು ಸಲ ಮಾಡಿದಿರಿ?’ ಎಂಬುದು ಅಧಿಕಪ್ರಸಂಗವಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ: ಯಾವ ದೂರ ಸ್ಪಷ್ಟವಾಗಬೇಕು? ಸಾಧಾರಣ ಕೃತಕ ಮಸೂರಕ್ಕೆ ಸಂಗಮದೂರ ಒಂದೇ. ಎಳೆಯ ಕಣ್ಣಿನ ಮಸೂರದಂತೆ ಅದು ಉಬ್ಬಿ ಕುಗ್ಗದು. ಹೊಲದ ಬದುವನ್ನು ನೋಡಬೇಕಾದ ರೈತನಿಗೂ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವಳಿಗೂ ಬೇಕಾದ ಶಕ್ತಿ ಒಂದೇ ಅಲ್ಲ. ತನ್ನ ಕಸುಬನ್ನು ರೋಗಿಯೇ ಹೇಳಬೇಕು. ಬಹುಸಂಗಮ ಮಸೂರಗಳೂ ಉಂಟು. ಅವು ಬೆಳಕನ್ನು ಹಂಚುವುದರಿಂದ ರಾತ್ರಿ ದೀಪಗಳ ಸುತ್ತ ಪರಿವೇಷ ಕಾಣಬಹುದು. ಹೆಚ್ಚು ಬೆಲೆಯದೆಲ್ಲ ಹೆಚ್ಚು ಒಳ್ಳೆಯದೆಂದು ತಿಳಿಯಬಾರದು.

ಮಧುಮೇಹವಿದ್ದರೆ ಅಕ್ಷಿಪಟಲವು ಆರೋಗ್ಯವಾಗಿದೆಯೇ ಎಂದು ಕೇಳಬೇಕು. ಅದು ಕೆಟ್ಟಿದ್ದರೆ ಎಂತಹ ಮಸೂರವೂ ನೋಟವನ್ನು ಪೂರ್ಣವಾಗಿ ಮರಳಿಸದು. ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಸೇವಿಸುವ ಮುದುಕರು ಅದನ್ನು ಮೊದಲೇ ತಿಳಿಸಬೇಕು. ಅದರಿಂದ ಪಾಪೆಯ ಸುತ್ತಲಿನ ಪೊರೆ ಸಡಿಲಗೊಂಡು ಶಸ್ತ್ರಕ್ಕೆ ಅಡ್ಡಬರಬಹುದು. ತಿಳಿದಿದ್ದರೆ ವೈದ್ಯರು ಸಿದ್ಧರಾಗಿರುತ್ತಾರೆ. ಊರಿಗೆ ಹಿಂತಿರುಗಿದ ಮೇಲೆ ನೋವು ಹೆಚ್ಚಿದರೆ ಅಥವಾ ನೋಟ ಕುಂದಿದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ರಾತ್ರಿ ಯಾರನ್ನು ಕರೆಯಬೇಕೆಂಬುದನ್ನು ಆಸ್ಪತ್ರೆಯಿಂದ ಹೊರಡುವ ಮುನ್ನವೇ ಬರೆಸಿಕೊಳ್ಳಬೇಕು.