ಊರ ಶಾಲೆಗೆ ಬರುವ ಹಣ: ಕೊಡಗಿನ ಪೋಷಕರಿಗೆ ಕಾನೂನು ಕೊಟ್ಟಿರುವ ಹಕ್ಕುಗಳು

ಸರ್ಕಾರಿ ಶಾಲೆಯ ಖರ್ಚು ಭರಿಸುವುದು ಸರ್ಕಾರದ ಕಾನೂನುಬದ್ಧ ಹೊಣೆ. ಮೋಹಿನಿ ಜೈನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಶಿಕ್ಷಣವನ್ನು ಬದುಕುವ ಹಕ್ಕಿನೊಂದಿಗೆ ಸೇರಿಸಿ ನೋಡಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ, ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು ಎಂದಿತು. 2002ರ 86ನೇ ತಿದ್ದುಪಡಿ ಇದನ್ನು ಸಂವಿಧಾನದ 21ಎ ವಿಧಿಯಾಗಿಸಿತು. ಅದರ ಬೆನ್ನಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009, ಅಂದರೆ ಜನ ಆರ್‌ಟಿಇ ಎನ್ನುವ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಇದು ಅನ್ವಯಿಸುತ್ತದೆ. ಮಡಿಕೇರಿ ಪೇಟೆಯ ಮಗುವಿಗೆ ಇರುವಷ್ಟೇ ಹಕ್ಕು ನಾಗರಹೊಳೆ ಅಂಚಿನ ಹಾಡಿಯ ಮಗುವಿಗೂ, ಸಿದ್ದಾಪುರದ ತೋಟದ ಲೈನ್ ಮನೆಯ ಮಗುವಿಗೂ ಇದೆ.

ಹಣ ಬರುವ ದಾರಿಗಳು

ಕಾಯ್ದೆಯ 7ನೇ ಸೆಕ್ಷನ್ ಖರ್ಚಿನ ಹೊಣೆಯನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳೆರಡರ ಮೇಲೂ ಹೊರಿಸುತ್ತದೆ. ಕೇಂದ್ರದಿಂದ ಬರುವ ಮೊತ್ತವನ್ನು ಲೆಕ್ಕಕ್ಕೆ ಹಿಡಿದು, ಕಾಯ್ದೆ ಜಾರಿಗೆ ಬೇಕಾದ ಹಣ ಒದಗಿಸುವ ಜವಾಬ್ದಾರಿ ರಾಜ್ಯದ್ದು ಎಂದು ಅದೇ ಸೆಕ್ಷನ್ ಹೇಳುತ್ತದೆ. 2018-19ರಲ್ಲಿ ಸರ್ವ ಶಿಕ್ಷಾ ಅಭಿಯಾನವೂ ಸೇರಿದಂತೆ ಮೂರು ಯೋಜನೆಗಳನ್ನು ಒಗ್ಗೂಡಿಸಿ ‘ಸಮಗ್ರ ಶಿಕ್ಷಾ’ ರೂಪಿಸಲಾಯಿತು. ಕರ್ನಾಟಕದ ಮಟ್ಟಿಗೆ ಇದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ಇದಲ್ಲದೆ ರಾಜ್ಯ ಬಜೆಟ್‌ನ ಜಿಲ್ಲಾ ವಲಯದ ಹಣ ಜಿಲ್ಲಾ ಪಂಚಾಯತಿ ಮೂಲಕ ಹರಿಯುತ್ತದೆ.

ಊರಿನವರ ಜೇಬಿನಿಂದಲೂ ಒಂದು ಪಾಲು ಹೋಗುತ್ತದೆ. ಗ್ರಾಮ ಪಂಚಾಯತಿಗೆ ಮನೆ ಕಂದಾಯ ಕಟ್ಟಿದಾಗ ಕೊಡುವ ರಶೀದಿಯಲ್ಲಿ ತೆರಿಗೆಯ ಕೆಳಗೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಎಂದು ಉಪಕರಗಳು ಬೇರೆಬೇರೆಯಾಗಿ ನಮೂದಾಗಿರುತ್ತವೆ. ಗ್ರಂಥಾಲಯ ಕರ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ಹೀಗೆ ಕಂದಾಯ ಕಟ್ಟುವ ಪ್ರತಿ ಮನೆಯವರಿಗೂ ಶಿಕ್ಷಣದ ಲೆಕ್ಕ ಕೇಳುವ ಅಧಿಕಾರವಿದೆ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೂ.

ಶಾಲಾ ಅನುದಾನದ ಲೆಕ್ಕ

ಸಮಗ್ರ ಶಿಕ್ಷಾ ಅಡಿ ಪ್ರತಿ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಸಂಯುಕ್ತ ಶಾಲಾ ಅನುದಾನವಿದೆ. ಸುಣ್ಣಬಣ್ಣ, ಸಣ್ಣಪುಟ್ಟ ದುರಸ್ತಿ, ಕರೆಂಟ್ ಬಿಲ್, ಕುಡಿಯುವ ನೀರು, ಬೋಧನೆಯ ಸಾಮಗ್ರಿ, ಎಲ್ಲವೂ ಇದರಿಂದಲೇ ಆಗಬೇಕು. 2021ರ ಪರಿಷ್ಕೃತ ಚೌಕಟ್ಟಿನಂತೆ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 31ರಿಂದ 100 ಮಕ್ಕಳಿದ್ದರೆ 25,000, 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000, ಅದಕ್ಕೂ ಮೀರಿದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಮೀಸಲು. ಗ್ರಂಥಾಲಯ ಮತ್ತು ಆಟದ ಸಾಮಗ್ರಿಗೆ ಬೇರೆ ಅನುದಾನಗಳಿವೆ.

ಕೊಡಗಿನಂಥ ಜಿಲ್ಲೆಯಲ್ಲಿ ಮನೆಗಳು ತೋಟಗಳ ನಡುವೆ ದೂರದೂರ ಚದುರಿರುವುದರಿಂದ ಚಿಕ್ಕ ಶಾಲೆಗಳು ಸಹಜ. ಮಕ್ಕಳ ಸಂಖ್ಯೆ 31ರಿಂದ 30ಕ್ಕೆ ಇಳಿದರೆ ಅನುದಾನ 15,000 ರೂಪಾಯಿ ಕಡಿಮೆಯಾಗುತ್ತದೆ. ಮಾಡಿನ ಹೆಂಚಿಗೆ ಬೀಳುವ ಮಳೆ ಮಾತ್ರ ಕಡಿಮೆಯಾಗುವುದಿಲ್ಲ. ಆದ್ದರಿಂದ ಮಕ್ಕಳ ಎಣಿಕೆ ಸರಿಯಾಗಿರುವುದು ಇಲ್ಲಿ ಹಣದ ಪ್ರಶ್ನೆಯೇ. ಯುಡೈಸ್ ಎಂಬ ಶಾಲಾ ಮಾಹಿತಿ ವ್ಯವಸ್ಥೆಯ ಎಣಿಕೆಗೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರ ಹಾಜರಾತಿಯೇ ಆಧಾರ. ಕಾಫಿ ಕೊಯ್ಲಿಗೆ ಬರುವ ಕಾರ್ಮಿಕ ಕುಟುಂಬಗಳು ನವೆಂಬರ್ ನಂತರ ಬಂದರೆ ಆ ಮಕ್ಕಳು ಎಣಿಕೆಯಿಂದ ಹೊರಗುಳಿಯುತ್ತಾರೆ. ಸೇರಿದ ದಿನವೇ ಮಗುವಿನ ಹೆಸರು ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆಯ ತಂತ್ರಾಂಶಕ್ಕೆ ಏರಿತೇ ಎಂದು ಪೋಷಕರು ಮುಖ್ಯ ಶಿಕ್ಷಕರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಶಿಕ್ಷಕರ ಲೆಕ್ಕ ಹೀಗಲ್ಲ. ಆರ್‌ಟಿಇ ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿರುವ ತನಕ ಇಬ್ಬರು ಶಿಕ್ಷಕರಿರಬೇಕು. ಹನ್ನೆರಡೇ ಮಕ್ಕಳಿರುವ ಶಾಲೆಗೂ ಈ ಮಾನದಂಡ ಅನ್ವಯಿಸುತ್ತದೆ. ಎಲ್ಲ ಕಾಲದಲ್ಲೂ ಬಳಸಬಹುದಾದ ಕಟ್ಟಡ, ಗಂಡು ಮತ್ತು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಶುದ್ಧ ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ, ಗ್ರಂಥಾಲಯ ಇವೂ ಅದೇ ಅನುಸೂಚಿಯಲ್ಲಿವೆ.

ದೂರ, ಮಳೆ, ಕಾಡು

ನೆರೆಹೊರೆಯಲ್ಲಿ ಶಾಲೆ ಒದಗಿಸುವುದು ಸರ್ಕಾರದ ಕರ್ತವ್ಯ. ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ನಡಿಗೆಯ ದೂರ ಎಂಬುದು ನಿಯಮದ ಅಳತೆ. ದಾರಿ ದುರ್ಗಮವಾಗಿದ್ದರೆ, ಭೂಕುಸಿತ ಅಥವಾ ಪ್ರವಾಹದ ಅಪಾಯವಿದ್ದರೆ ಈ ಅಳತೆಯನ್ನು ಇನ್ನೂ ಕಡಿಮೆ ಮಾಡಿ, ಮಗುವನ್ನು ಅಪಾಯದಿಂದ ದೂರವಿಡುವಂತೆ ಶಾಲೆ ಒದಗಿಸಬೇಕೆಂದು ಕೇಂದ್ರದ ಮಾದರಿ ನಿಯಮಗಳು ಹೇಳುತ್ತವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಭಾಗದ ಗುಡ್ಡಗಳು ಕುಸಿದದ್ದನ್ನು ಕಂಡ ಜಿಲ್ಲೆಗೆ ಈ ಮಾತಿನ ತೂಕ ಗೊತ್ತು. ಆನೆ ತಿರುಗುವ ಕಾಡಂಚಿನ ದಾರಿಯ ವಿಷಯದಲ್ಲೂ ಪೋಷಕರು ಇದೇ ವಾದ ಮುಂದಿಡಬಹುದು.

ಹತ್ತಿರದಲ್ಲಿ ಶಾಲೆ ಇಲ್ಲದ ಕಡೆ ಸಮಗ್ರ ಶಿಕ್ಷಾ ಅಡಿ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶವಿದೆ. ಮಕ್ಕಳು ಕಡಿಮೆ ಎಂದು ಶಾಲೆಯನ್ನು ಬೇರೆ ಶಾಲೆಯೊಂದಿಗೆ ವಿಲೀನಗೊಳಿಸಿದರೂ ಸರ್ಕಾರದ ಈ ಕರ್ತವ್ಯ ತಪ್ಪುವುದಿಲ್ಲ. ವಿಲೀನದ ಪ್ರಸ್ತಾವ ಬಂದಾಗ ಹೊಸ ಶಾಲೆಗೆ ನಡೆದು ಹೋಗುವ ದೂರ, ದಾರಿಯಲ್ಲಿರುವ ಹೊಳೆ ಮತ್ತು ಕಾಡು, ಬಸ್ಸಿನ ಸಮಯ ಇವನ್ನು ಬರೆದು ಆಕ್ಷೇಪಣೆ ಸಲ್ಲಿಸಿದರೆ ಅದು ದಾಖಲೆಯಾಗುತ್ತದೆ.

ಮಳೆಗಾಲದಲ್ಲಿ ಜಿಲ್ಲಾಡಳಿತ ಘೋಷಿಸುವ ರಜೆಯ ಸುದ್ದಿಯನ್ನು ಜನ ಸ್ಥಳೀಯ ಪತ್ರಿಕೆಗಳಲ್ಲೂ ಮೊಬೈಲ್‌ನಲ್ಲೂ ಕಾಯುತ್ತಾರೆ. ರಜೆ ಮಕ್ಕಳ ಸುರಕ್ಷತೆಗೆ ಅಗತ್ಯ. ಆದರೆ ವರ್ಷಕ್ಕೆ ಐದನೇ ತರಗತಿವರೆಗೆ 200, ಆರರಿಂದ ಎಂಟರವರೆಗೆ 220 ದಿನಗಳ ಪಾಠ ನಡೆಯಲೇಬೇಕೆಂಬ ನಿಯಮ ಉಳಿದೇ ಇರುತ್ತದೆ. ಕಳೆದ ದಿನಗಳನ್ನು ಯಾವಾಗ ಸರಿದೂಗಿಸಲಾಗುತ್ತದೆ ಎಂದು ಕೇಳುವುದು ಪೋಷಕರ ಹಕ್ಕು. ಗಾಳಿಮಳೆಗೆ ಶಾಲೆಯ ಮಾಡು ಹಾರಿದರೆ, ಗೋಡೆ ಬಿದ್ದರೆ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಪ್ರಾಥಮಿಕ ಶಾಲೆಯ ದುರಸ್ತಿಗೆ ನೆರವು ಸಿಗಲು ಅವಕಾಶವಿದೆ. ಹಾನಿಯಾದ ಕೂಡಲೇ ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು ಮಾಡಿಸಿ, ಪಂಚಾಯತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ವರದಿ ಕೊಡಬೇಕು.

ದಾಖಲೆ ಇಲ್ಲದ ಮಗು, ದುಡ್ಡು ಕೇಳುವ ಶಾಲೆ

ಜೇನುಕುರುಬ, ಎರವ ಕುಟುಂಬಗಳ ಮಕ್ಕಳಿಗೆ, ಅಸ್ಸಾಂನಂಥ ದೂರದ ರಾಜ್ಯಗಳಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳಿಗೆ ಎದುರಾಗುವ ಮೊದಲ ಅಡ್ಡಿ ಕಾಗದಪತ್ರದ್ದು. ಕಾನೂನು ಇಲ್ಲಿ ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ (ಸೆಕ್ಷನ್ 14). ವರ್ಗಾವಣೆ ಪತ್ರ, ಅಂದರೆ ಟಿಸಿ, ತಡವಾಯಿತೆಂದೂ ನಿರಾಕರಿಸುವಂತಿಲ್ಲ (ಸೆಕ್ಷನ್ 5). ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ (ಸೆಕ್ಷನ್ 9). ಶಾಲೆ ಬಿಟ್ಟು ವರ್ಷಗಳಾಗಿದ್ದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠವನ್ನು ವಿಶೇಷ ತರಬೇತಿಯಿಂದ ತುಂಬಿಕೊಡಬೇಕು (ಸೆಕ್ಷನ್ 4).

ಎಂಟನೇ ತರಗತಿ ಮುಗಿಯುವ ತನಕ ಓದಿಗೆ ಅಡ್ಡಿಯಾಗುವ ಯಾವ ಶುಲ್ಕವನ್ನೂ ಸರ್ಕಾರಿ ಶಾಲೆ ಪಡೆಯುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತ್ತು. ರಾಜ್ಯದಾದ್ಯಂತ ವಿರೋಧ ಎದ್ದಾಗ ಅದನ್ನು ಹಿಂಪಡೆಯಿತು. ದಾನಿಗಳು, ಹಳೆ ವಿದ್ಯಾರ್ಥಿಗಳು ಮನಸಾರೆ ಕೊಟ್ಟದ್ದನ್ನು ರಶೀದಿ ಕೊಟ್ಟು ಸ್ವೀಕರಿಸಬಹುದು. ಕೊಡದವರ ಮಗುವಿಗೆ ಮಾತ್ರ ಯಾವ ಭೇದವನ್ನೂ ಮಾಡುವಂತಿಲ್ಲ.

ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳಿಗೆಂದು ಇರುವ ಖಾಸಗಿ ಶಾಲೆಯ ಶೇ. 25ರ ಸೀಟಿನ ಬಗ್ಗೆಯೂ ಒಂದು ಮಾತು ತಿಳಿದಿರಬೇಕು. 2019ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಖಾಸಗಿ ಶಾಲೆಯಲ್ಲಿ ಈ ಸೀಟು ಸಿಗುವುದಿಲ್ಲ. ಊರಿನ ಸರ್ಕಾರಿ ಶಾಲೆಯನ್ನು ಗಟ್ಟಿಗೊಳಿಸುವುದು ಹೀಗಾಗಿ ಬಡ ಕುಟುಂಬಗಳಿಗೆ ಇನ್ನಷ್ಟು ಮುಖ್ಯವಾಗಿದೆ.

ಎಸ್‌ಡಿಎಂಸಿ ಮತ್ತು ಗ್ರಾಮಸಭೆ

ಕರ್ನಾಟಕದಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಇವೆ. ಆರ್‌ಟಿಇ ಕಾಯ್ದೆಯ 21ನೇ ಸೆಕ್ಷನ್ ಇವಕ್ಕೆ ಬಲ ತಂದಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನದ ಬಳಕೆ ಗಮನಿಸುವುದು ಸಮಿತಿಯ ಕೆಲಸ. 22ನೇ ಸೆಕ್ಷನ್ ಪ್ರಕಾರ ಈ ಯೋಜನೆಯೇ ಸರ್ಕಾರ ಕೊಡುವ ಅನುದಾನಕ್ಕೆ ಆಧಾರ. ಸೋರುವ ಕೋಣೆ, ಕೆಟ್ಟ ಶೌಚಾಲಯ, ಖಾಲಿ ಇರುವ ಶಿಕ್ಷಕ ಹುದ್ದೆ ಯೋಜನೆಯಲ್ಲಿ ಬರೆಯದೆ ಉಳಿದರೆ ಮುಂದೆ ಹಣ ಕೇಳಲು ಆಧಾರವೇ ಇರುವುದಿಲ್ಲ. ಅನುದಾನಿತ ಶಾಲೆಗಳಲ್ಲಿ ಸಮಿತಿಯ ಪಾತ್ರ ಸಲಹೆಗೆ ಸೀಮಿತ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಶಾಲೆಯ ಬೇಡಿಕೆಯನ್ನು ಅಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಅದು ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ದಾಖಲಾಗಬೇಕು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಯಲ್ಲಿ ಪಂಚಾಯತಿಯ ಲೆಕ್ಕಪತ್ರಗಳನ್ನು ಸಾರ್ವಜನಿಕರ ಮುಂದಿಡುತ್ತಾರೆ. ಶಿಕ್ಷಣ ಕರ ಎಷ್ಟು ಸಂಗ್ರಹವಾಯಿತು, ಎಲ್ಲಿಗೆ ಹೋಯಿತು ಎಂದು ಅಲ್ಲಿ ಕೇಳಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ತಮ್ಮ ಶಾಲೆಯ ಕೊರತೆಗಳನ್ನು ಹೇಳಬಹುದು.

ಲೆಕ್ಕ ಸಿಗದಿದ್ದರೆ, ದೂರು ಕೊಡಬೇಕಾದರೆ

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. ಕೊಡಗಿನಲ್ಲಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಶೈಕ್ಷಣಿಕ ಬ್ಲಾಕ್‌ಗಳಿಗೆ ಈ ಕಚೇರಿಗಳಿವೆ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಇರಬೇಕು. ಅರ್ಜಿಯ ಒಕ್ಕಣೆ ಇಷ್ಟು ಸರಳವಾಗಿದ್ದರೆ ಸಾಕು: “ನಮ್ಮ ಗ್ರಾಮದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಬಿಡುಗಡೆಯಾದ ಶಾಲಾ ಅನುದಾನದ ಮೊತ್ತ, ಬಿಡುಗಡೆಯ ದಿನಾಂಕ, ನಗದು ಪುಸ್ತಕ ಮತ್ತು ಖರ್ಚಿನ ಓಚರುಗಳ ಪ್ರತಿಗಳನ್ನು ದೃಢೀಕರಿಸಿ ಒದಗಿಸಿ.” ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ ಐದು ದಿನದೊಳಗೆ ಅವರೇ ಸರಿಯಾದ ಕಡೆ ಕಳಿಸಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ನ್ಯಾಯ ಸಿಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ಮಗುವಿನ ಹಕ್ಕಿಗೇ ಧಕ್ಕೆಯಾದಾಗ ಆರ್‌ಟಿಇ ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಎರಡೂ ಕಡೆಯವರನ್ನು ಕೇಳಿ ಮೂರು ತಿಂಗಳೊಳಗೆ ಅದನ್ನು ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನ ಪ್ರತಿಯೊಂದನ್ನು ಮಡಿಕೇರಿಯ ಶಾಲಾ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೂ ಕಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ತುರ್ತು ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098 ಇದೆ.

ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಕ್ಕಳು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಪ್ರಕೃತಿ ವಿಕೋಪದ ಸಂತ್ರಸ್ತರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು.