ನಾಯಿ ಕಚ್ಚಿದ ಮೇಲೂ ಲಸಿಕೆ ಏಕೆ ಫಲಿಸುತ್ತದೆ?

1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿದ್ದ ಲೂಯಿ ಪಾಶ್ಚರ್ ಅವರ ಪ್ರಯೋಗಾಲಯಕ್ಕೆ ತಾಯಿಯೊಬ್ಬಳು ತನ್ನ ಒಂಬತ್ತು ವರ್ಷದ ಮಗನನ್ನು ಕರೆತಂದಳು. ಅಲ್ಸೇಸ್ ಪ್ರಾಂತ್ಯದ ಆ ಹುಡುಗ ಜೋಸೆಫ್ ಮೈಸ್ಟರನಿಗೆ ಎರಡು ದಿನಗಳ ಹಿಂದೆ ಹುಚ್ಚುನಾಯಿ ಹಲವು ಕಡೆ ಕಚ್ಚಿತ್ತು. ಪಾಶ್ಚರ್ ಬಳಿ ಒಂದು ಲಸಿಕೆಯಿತ್ತು. ಆದರೆ ಅದು ಫಲ ಕೊಟ್ಟಿದ್ದು ನಾಯಿಗಳಲ್ಲಿ. ಮೇಲಾಗಿ ಅವರು ವೈದ್ಯರಲ್ಲ, ರಸಾಯನಶಾಸ್ತ್ರಜ್ಞರು. ಹಾಗಾಗಿ ಸೂಜಿ ಹಿಡಿದವರು ಡಾ. ಗ್ರಾಂಷೆ. ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ, ರೋಗಾಣುವಿನ ಶಕ್ತಿ ಕುಂದಿಸಿ ತಯಾರಿಸಿದ ಮದ್ದು ಅದು. ಜುಲೈ 16ರವರೆಗೆ ಒಟ್ಟು 13 ಚುಚ್ಚುಮದ್ದು ಕೊಟ್ಟರು. ಹುಡುಗ ಬದುಕಿದ.

ಸಾಮಾನ್ಯವಾಗಿ ಲಸಿಕೆಯನ್ನು ರೋಗಾಣು ದೇಹ ಹೊಗುವ ಮೊದಲೇ ಕೊಡುತ್ತಾರಲ್ಲವೇ? ಇಲ್ಲಿ ಕಚ್ಚಿದ ಮೇಲೆ ಕೊಟ್ಟರೂ ಹೇಗೆ ಫಲಿಸಿತು ಎಂದು ನೀವು ಕೇಳಬಹುದು. ರೇಬೀಸ್ ವೈರಾಣು ನರಗಳ ಮೂಲಕ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಅದು ಮಿದುಳು ತಲುಪಲು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಅಷ್ಟರೊಳಗೆ ಲಸಿಕೆಯಿಂದ ದೇಹದಲ್ಲಿ ಪ್ರತಿರೋಧ ಹುಟ್ಟಿದರೆ ಜೀವ ಉಳಿಯಿತು. ಮುಖ, ಕುತ್ತಿಗೆ, ಕೈಬೆರಳುಗಳಿಗೆ ಕಚ್ಚಿದ್ದರೆ ಅಪಾಯ ಹೆಚ್ಚು. ಮಕ್ಕಳ ವಿಷಯದಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಅವರ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ನೀರು ಕಂಡರೆ ಹೆದರುವಂಥ ಲಕ್ಷಣ ಒಮ್ಮೆ ಕಾಣಿಸಿಕೊಂಡಿತೆಂದರೆ ರೋಗಿ ಉಳಿಯುವುದು ಅತ್ಯಂತ ಅಪರೂಪ.

ನಮ್ಮ ಹಿರಿಯರಿಗೆ ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಹದಿನಾಲ್ಕು ಇಂಜೆಕ್ಷನ್‌ಗಳ ನೆನಪಿದೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ವಿಧಾನದ ಲಸಿಕೆ ಅದು. ನಮ್ಮಲ್ಲಿ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಅದನ್ನು ನಿಲ್ಲಿಸಿ ಎರಡು ದಶಕಗಳೇ ಆದವು. ಆದರೂ ಆ ಹೆದರಿಕೆಯಿಂದ ಇಂದಿಗೂ ಆಸ್ಪತ್ರೆಗೆ ಹಿಂಜರಿಯುವವರಿದ್ದಾರೆ! ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ನಾಲ್ಕೈದು ಭೇಟಿಗಳಲ್ಲಿ ಮುಗಿಯುತ್ತದೆ.

ನಾಯಿ ಕಚ್ಚಿದರೆ ಮೊದಲು ನಲ್ಲಿಯ ಕೆಳಗೆ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸೋಪು ಈ ವೈರಾಣುವಿನ ಹೊರಕವಚವನ್ನೇ ಒಡೆಯುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನು ಗಾಯದೊಳಕ್ಕೇ ಕೊಡಬೇಕಾಗುತ್ತದೆ. ಲಸಿಕೆ ಕೆಲಸ ಆರಂಭಿಸುವವರೆಗೆ ರಕ್ಷಣೆ ಅದರದೇ. ಅದರ ಬಗ್ಗೆ ವೈದ್ಯರನ್ನು ನೀವಾಗಿಯೇ ಕೇಳಿ.

‘ಮನೆಯ ನಾಯಿ’, ‘ಪುಟ್ಟ ಮರಿ’ ಎಂದು ಸುಮ್ಮನಾಗಬೇಡಿ. ಹತ್ತು ದಿನ ನಾಯಿಯನ್ನು ಗಮನಿಸುವುದು ಸರಿಯೇ, ಆದರೆ ಮೊದಲ ಇಂಜೆಕ್ಷನ್ ಆದ ಮೇಲೆ. ಹತ್ತನೆಯ ದಿನವೂ ನಾಯಿ ಆರೋಗ್ಯವಾಗಿದ್ದರೆ ಉಳಿದ ಇಂಜೆಕ್ಷನ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳುತ್ತಾರೆ.